ಪೌಂಡ್ ಪಿಂಚಣಿ, ಅಡಿಕೆ ತೋಟ, ಐಟಿಆರ್-2: ಇ-ಫೈಲಿಂಗ್ ಪೋರ್ಟಲ್ ಎಷ್ಟು ಕೆಲಸಕ್ಕೆ ಬರುತ್ತದೆ?

ಹೊರದೇಶದಲ್ಲಿ ದುಡಿದು ನಿವೃತ್ತರಾಗಿ ಉತ್ತರ ಕನ್ನಡಕ್ಕೆ ಮರಳಿದವರಲ್ಲಿ ಗಲ್ಫ್‌ನಿಂದ ಬಂದವರಿಗೆ ಈ ಬರಹದ ಅಗತ್ಯವಿಲ್ಲ. ಅಲ್ಲಿನ ಸರಕಾರಿ ಪಿಂಚಣಿ ಅಲ್ಲಿನ ಪ್ರಜೆಗಳಿಗೆ. ಭಟ್ಕಳ, ಹೊನ್ನಾವರದಿಂದ ಹೋದವರು ಗ್ರಾಚ್ಯುಟಿಯನ್ನು ಒಂದೇ ಗಂಟಿನಲ್ಲಿ ತಂದಿರುತ್ತಾರೆ, ಅಲ್ಲಿಗೆ ಮುಗಿಯಿತು. ತಲೆನೋವು ಇರುವುದು ಬ್ರಿಟನ್ನಿನ ಸ್ಟೇಟ್ ಪೆನ್ಷನ್ ಅಥವಾ ಅಮೆರಿಕದ ಸೋಶಿಯಲ್ ಸೆಕ್ಯೂರಿಟಿ (ಎರಡೂ ಅಲ್ಲಿಯ ಸರಕಾರ ಕೊಡುವ ನಿವೃತ್ತಿ ಪಿಂಚಣಿ) ಪಡೆಯುತ್ತ ಶಿರಸಿಯ ತೋಟದ ಮನೆಯಲ್ಲೋ ಕಾರವಾರದ ಕೋಡಿಬಾಗದಲ್ಲೋ ಕಾಯಂ ಆಗಿ ನೆಲೆಸಿದವರಿಗೆ. ಅಂಥವರು ಆಡಿಟರ್ ಇಲ್ಲದೆ, ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ತಾವೇ ಐಟಿಆರ್-2 ಎಂಬ ರಿಟರ್ನ್ ಫಾರಂ ಸಲ್ಲಿಸಬಹುದೇ ಎಂಬುದೇ ಇಲ್ಲಿಯ ಪ್ರಶ್ನೆ.

ಸಲ್ಲಿಸಬಹುದು. ಶುಲ್ಕ ಸೊನ್ನೆ. ಸ್ಲ್ಯಾಬ್, ರಿಬೇಟ್, ಸೆಸ್, ಬಡ್ಡಿ ಎಲ್ಲವನ್ನೂ ಅದು ಪೈಸೆ ತಪ್ಪದೆ ಲೆಕ್ಕ ಹಾಕುತ್ತದೆ. ಆದರೆ ತೆರಿಗೆ ಬೀಳುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಮೂರು ಪ್ರಶ್ನೆಗಳನ್ನು ಅದು ಬಿಡಿಸಿ ಕೇಳುವುದಿಲ್ಲ: ನೀವು ಯಾವ ಬಗೆಯ ನಿವಾಸಿ, ಪಿಂಚಣಿ ಯಾವ ದೇಶದ್ದು, ಹಣ ಮೊದಲು ಎಲ್ಲಿ ಕೈಸೇರಿತು. ಲಾಗಿನ್ ಆಗುವ ಮೊದಲೇ ಈ ಮೂರಕ್ಕೆ ಒಂದು ಹಾಳೆಯ ಮೇಲೆ ಉತ್ತರ ಬರೆದುಕೊಂಡವರಿಗೆ ಪೋರ್ಟಲ್ ಒಳ್ಳೆಯ ಗುಮಾಸ್ತ. ಬರೆದುಕೊಳ್ಳದವರ ತಪ್ಪನ್ನೂ ಅದು ಅಷ್ಟೇ ಅಚ್ಚುಕಟ್ಟಾಗಿ ಸಲ್ಲಿಸಿಬಿಡುತ್ತದೆ.

ಮೊದಲು ನಿವಾಸದ ವಿಚಾರ. ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿ. ಅದರೊಳಗೆ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ಇನ್ನೊಂದು ಮೆಟ್ಟಿಲಿದೆ, ಆಡಿಟರುಗಳ ಬಾಯಲ್ಲಿ ಆರ್‌ಎನ್‌ಒಆರ್. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಇಲ್ಲಿರದವರು ಇದರಲ್ಲಿ ಬರುತ್ತಾರೆ. ಇಪ್ಪತ್ತು ವರ್ಷ ಹೊರಗಿದ್ದು ಬಂದವರಿಗೆ ಇದು ಸಾಮಾನ್ಯವಾಗಿ ಎರಡು ವರ್ಷ, ಕೆಲವೊಮ್ಮೆ ಮೂರು ವರ್ಷ ಸಿಗುತ್ತದೆ. ಈ ಅವಧಿಯಲ್ಲಿ ವಿದೇಶದ ಪಿಂಚಣಿಗೆ ಇಲ್ಲಿ ತೆರಿಗೆ ಇಲ್ಲ. ಆದರೆ ಒಂದು ಷರತ್ತಿದೆ, ಬಹಳ ಜನ ಎಡವುವುದೂ ಇಲ್ಲೇ: ಹಣ ಮೊದಲು ಹೊರದೇಶದ ಖಾತೆಗೇ ಬಂದಿರಬೇಕು. ಲಂಡನ್ನಿನ ಖಾತೆಗೆ ಜಮಾ ಆಗಿ ಆಮೇಲೆ ನೀವು ಶಿರಸಿಗೆ ಕಳಿಸಿಕೊಂಡರೆ ಅದು ಬರೀ ಹಣ ವರ್ಗಾವಣೆ. ಪಿಂಚಣಿ ಕಚೇರಿಯೇ ನೇರವಾಗಿ ಶಿರಸಿಯ ಬ್ಯಾಂಕಿಗೆ ಹಾಕಿದರೆ ‘ಭಾರತದಲ್ಲಿ ಸ್ವೀಕರಿಸಿದ ಆದಾಯ’ ಆಯಿತು, ಆರ್‌ಎನ್‌ಒಆರ್ ಆಗಿದ್ದರೂ ತೆರಿಗೆಗೆ ಒಳಪಟ್ಟಿತು. ಊರಿಗೆ ಬಂದ ಉತ್ಸಾಹದಲ್ಲಿ ಮೊದಲ ವಾರವೇ ಪಿಂಚಣಿಯ ಬ್ಯಾಂಕ್ ಖಾತೆ ಬದಲಿಸುವವರು ಎರಡು ವರ್ಷದ ವಿನಾಯಿತಿಯನ್ನು ಒಂದು ಸಹಿಯಲ್ಲಿ ಕಳೆದುಕೊಳ್ಳುತ್ತಾರೆ. ಪೋರ್ಟಲ್ ನಿವಾಸದ ಸ್ಥಿತಿಯನ್ನು ಆಯ್ಕೆ ಮಾಡಲು ಹೇಳುತ್ತದೆ, ನಿಜ. ಆದರೆ ಎಲ್ಲಿ ಜಮಾ ಆಯಿತು ಎಂದು ವಿಚಾರಿಸುವುದಿಲ್ಲ.

ಎರಡನೆಯದು ದೇಶ. ‘ಫಾರಿನ್ ಪೆನ್ಷನ್‌ಗೆ ಟ್ಯಾಕ್ಸ್ ಉಂಟಾ?’ ಎಂದು ಒಟ್ಟಾರೆ ಕೇಳಿದರೆ ಒಂದೇ ಉತ್ತರ ಕೊಡಲಾಗದು, ಏಕೆಂದರೆ ಒಂದೇ ಆದಾಯಕ್ಕೆ ಎರಡು ದೇಶದಲ್ಲಿ ತೆರಿಗೆ ಬೀಳದಂತೆ ಬ್ರಿಟನ್ ಮತ್ತು ಅಮೆರಿಕದ ಜತೆ ಭಾರತ ಮಾಡಿಕೊಂಡ ಒಪ್ಪಂದಗಳು ಪೂರ್ವ-ಪಶ್ಚಿಮ. ಭಾರತ–ಬ್ರಿಟನ್ ನಡುವಿನ 1993ರ ಒಪ್ಪಂದದ 20ನೇ ವಿಧಿಯ ಪ್ರಕಾರ ಪಿಂಚಣಿಗೆ ತೆರಿಗೆ ಹಾಕುವ ಹಕ್ಕು ಪಿಂಚಣಿದಾರ ನೆಲೆಸಿರುವ ದೇಶಕ್ಕೆ ಮಾತ್ರ. ಅಂದರೆ ಶಿರಸಿಯಲ್ಲಿ ಕೂತವರ ಬ್ರಿಟನ್ ಪಿಂಚಣಿಗೆ ತೆರಿಗೆ ಭಾರತದಲ್ಲೇ. ಭಾರತ–ಅಮೆರಿಕದ 1989ರ ಒಪ್ಪಂದದ 20ನೇ ವಿಧಿ, ಎರಡನೇ ಪ್ಯಾರಾ ಇದಕ್ಕೆ ತದ್ವಿರುದ್ಧ: ಸೋಶಿಯಲ್ ಸೆಕ್ಯೂರಿಟಿಗೆ ತೆರಿಗೆ ಅಮೆರಿಕದಲ್ಲಿ ಮಾತ್ರ, ಇಲ್ಲಿಲ್ಲ. ಪಕ್ಕಪಕ್ಕದ ಮನೆಯ ಇಬ್ಬರು ಪಿಂಚಣಿದಾರರು ಒಬ್ಬರ ರಿಟರ್ನ್ ನೋಡಿ ಇನ್ನೊಬ್ಬರು ತುಂಬಿದರೆ ಇಬ್ಬರದೂ ತಪ್ಪಾಗುತ್ತದೆ.

ಅಮೆರಿಕದ ಕಡೆಯದನ್ನು ಬೇಗ ಮುಗಿಸೋಣ. ಅಮೆರಿಕದ ಪ್ರಜೆಯಲ್ಲದ, ಅಲ್ಲಿಯ ತೆರಿಗೆ ನಿವಾಸಿಯೂ ಅಲ್ಲದವರ ಸೋಶಿಯಲ್ ಸೆಕ್ಯೂರಿಟಿಯಲ್ಲಿ ಶೇ. 85 ಭಾಗದ ಮೇಲೆ ಶೇ. 30, ಒಟ್ಟಿನಲ್ಲಿ ಶೇ. 25.5ರಷ್ಟು ಅಲ್ಲೇ ಕಡಿತವಾಗುತ್ತದೆ. ತಿಂಗಳಿಗೆ 1,500 ಡಾಲರ್ ಇದ್ದರೆ 382.50 ಹೋಗಿ 1,117.50 ಬರುತ್ತದೆ. ವರ್ಷದ ಲೆಕ್ಕ ಜನವರಿಯಲ್ಲಿ ಎಸ್‌ಎಸ್‌ಎ-1042ಎಸ್ ಎಂಬ ಪತ್ರದಲ್ಲಿ ಸಿಗುತ್ತದೆ. ಅಮೆರಿಕದ ಸರಕಾರಿ ನೌಕರಿಯಿಂದ ಬಂದ ಭಾಗವಾಗಿದ್ದು, ಪಡೆಯುವವರು ಭಾರತದ ಪ್ರಜೆಯೂ ನಿವಾಸಿಯೂ ಆಗಿದ್ದರೆ ಆ ಭಾಗಕ್ಕೆ ಕಡಿತವಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಇರುವವರಿಗೆ ಈ ಕಡಿತವೇ ಇಲ್ಲ, ಆದರೆ ಅವರು ಕಾರವಾರದಲ್ಲಿದ್ದರೂ ಅಲ್ಲಿಯ 1040 ಫಾರಂ ತುಂಬುತ್ತಲೇ ಇರಬೇಕು. ನಮ್ಮ ಐಟಿಆರ್-2ರಲ್ಲಿ ಈ ಹಣ ಹೋಗಬೇಕಾದ್ದು ಶೆಡ್ಯೂಲ್ ಇಐ ಎಂಬ, ತೆರಿಗೆ ಇಲ್ಲದ ಆದಾಯದ ತಖ್ತೆಗೆ, ‘ಒಪ್ಪಂದದ ಪ್ರಕಾರ ತೆರಿಗೆಗೆ ಒಳಪಡದ ಆದಾಯ’ ಎಂಬ ಸಾಲಿಗೆ, ದೇಶ ಮತ್ತು ವಿಧಿಯ ಸಂಖ್ಯೆಯ ಜತೆಗೆ. ಅಮೆರಿಕದಲ್ಲಿ ಕಡಿತವಾದ ತೆರಿಗೆಗೆ ಇಲ್ಲಿ ಕ್ರೆಡಿಟ್, ಅಂದರೆ ಇಲ್ಲಿಯ ತೆರಿಗೆಯಲ್ಲಿ ಅಷ್ಟು ವಜಾ, ಕೇಳಲು ಹೋಗಬೇಡಿ. ಇಲ್ಲಿ ತೆರಿಗೆಯೇ ಇಲ್ಲದ ಹಣಕ್ಕೆ ಕ್ರೆಡಿಟ್ ಯಾವುದರ ಮೇಲೆ? ಹಾಗೆಯೇ 89ಎ ಕಲಂ ಮತ್ತು 10-ಇಇ ಫಾರಂ 401(ಕೆ)ಯಂಥ ನಿವೃತ್ತಿ ನಿಧಿ ಖಾತೆಗಳದ್ದು. ಸೋಶಿಯಲ್ ಸೆಕ್ಯೂರಿಟಿಯನ್ನು ಅಲ್ಲಿ ತುರುಕಿದರೆ ಬಿಡಿಸಿಕೊಳ್ಳುವುದೇ ದೊಡ್ಡ ಕೆಲಸ.

ಬ್ರಿಟನ್ನಿನದು ವಿಸ್ತಾರವಾಗಿ ಹೇಳಬೇಕಾದ್ದು. ಅಲ್ಲಿಯ ಪೂರ್ಣ ಹೊಸ ಸ್ಟೇಟ್ ಪೆನ್ಷನ್ 2025-26ರಲ್ಲಿ ವಾರಕ್ಕೆ 230.25 ಪೌಂಡ್, 2026-27ರಲ್ಲಿ 241.30. ಈ ಏರಿಕೆ ಭಾರತದಲ್ಲಿ ನೆಲೆಸಿದವರಿಗೆ ಸಿಗುವುದಿಲ್ಲ. ಇಲ್ಲಿಗೆ ಬಂದಾಗ ಎಷ್ಟಿತ್ತೋ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ವಾರಕ್ಕೆ 150 ಪೌಂಡ್ ಇರುವವರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪಾವತಿ ತಿಂಗಳಿಗೊಮ್ಮೆ ಅಲ್ಲ, 4 ವಾರಕ್ಕೊಮ್ಮೆ ಅಥವಾ 13 ವಾರಕ್ಕೊಮ್ಮೆ. ಪಾಸ್‌ಬುಕ್‌ನಲ್ಲಿ 600 ಪೌಂಡ್ ಕಂಡ ಕೂಡಲೇ ಅದನ್ನು 12ರಿಂದ ಗುಣಿಸಿ 7,200 ಎಂದು ಬರೆಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. 52 ವಾರಕ್ಕೆ 13 ಕಂತು, 7,800 ಪೌಂಡ್. ದಿನಾಂಕ ಹಿಂದುಮುಂದಾದರೆ ಕೆಲವು ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ 14 ಕಂತೂ ಬೀಳಬಹುದು. ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರು ಆಗುವುದರಿಂದ ಅಲ್ಲಿಂದ ಬಂದ ವಾರ್ಷಿಕ ಪತ್ರದ ಮೊತ್ತವನ್ನು ಹಾಗೇ ಎತ್ತಿ ಬರೆಯುವುದೂ ಸರಿಯಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಕಂತುಗಳಿಗೆ ಪೆನ್ಸಿಲ್‌ನಲ್ಲಿ ಒಂದೊಂದು ಟಿಕ್ ಹಾಕಿ ಎಣಿಸುವುದೇ ಭದ್ರ. ನಿಮ್ಮ ತೆರಿಗೆ ಕಡಿತ, ಆದಾಯಗಳ ಬಗ್ಗೆ ಇಲಾಖೆಯ ಬಳಿ ಇರುವ ಪಟ್ಟಿಗಳಾದ ಫಾರಂ 26ಎಎಸ್‌ನಲ್ಲಿ, ಎಐಎಸ್‌ನಲ್ಲಿ ಈ ಪಿಂಚಣಿಯ ಸುಳಿವೇ ಇರುವುದಿಲ್ಲ, ಟಿಡಿಎಸ್ ಇಲ್ಲವಲ್ಲ. ‘ಮೊದಲೇ ತುಂಬಿದ ಮಾಹಿತಿ’ಯಲ್ಲಿ ಬರೀ ಇಲ್ಲಿಯ ಎಫ್‌ಡಿ ಬಡ್ಡಿ ಕಾಣುತ್ತದೆ. ಅಷ್ಟೇ ನೋಡಿ ‘ಕನ್ಫರ್ಮ್’ ಒತ್ತಿದರೆ ಪಿಂಚಣಿ ಬಿಟ್ಟೇಹೋಯಿತು.

ರೂಪಾಯಿಗೆ ಬದಲಿಸುವ ದರ ಯಾವುದು? ಇಲ್ಲಿಯ ಬ್ಯಾಂಕಿಗೆ ನೇರ ಬಂದಿದ್ದರೆ ಜಮಾ ಆದ ರೂಪಾಯಿಯೇ ಲೆಕ್ಕ. ಲಂಡನ್ ಖಾತೆಯಲ್ಲೇ ಉಳಿದಿದ್ದರೆ ನಿಯಮ 115ರಂತೆ ಎಸ್‌ಬಿಐಯ ಟಿಟಿ ಬೈಯಿಂಗ್ ದರ, ಅಂದರೆ ಬ್ಯಾಂಕು ವಿದೇಶಿ ಹಣ ಕೊಳ್ಳುವ ದರ. ‘ಇತರ ಮೂಲಗಳ’ ಆದಾಯಕ್ಕೆ ಮಾರ್ಚ್ 31ರ ದರ, ‘ಸಂಬಳ’ದ ಶೀರ್ಷಿಕೆಗೆ ಆಯಾ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ದರ. ಗೂಗಲ್‌ನಲ್ಲಿ ಕಂಡ ದರ ನಡೆಯುವುದಿಲ್ಲ. ಪೋರ್ಟಲ್ ದೇಶದ ಕೋಡ್‌ಗಳನ್ನೆಲ್ಲ ಪಟ್ಟಿ ಮಾಡಿ ಕೊಡುತ್ತದೆ, ಆದರೆ ಈ ಒಂದು ದರವನ್ನು ತಾನೇ ಹಾಕಿಕೊಳ್ಳುವಷ್ಟು ಸೌಜನ್ಯ ಅದಕ್ಕಿಲ್ಲ. ಮಾರ್ಚ್ ಕೊನೆಯ ಎಸ್‌ಬಿಐ ದರಪಟ್ಟಿಯನ್ನು ಆವತ್ತೇ ಇಳಿಸಿಕೊಂಡು ಪ್ರಿಂಟ್ ತೆಗೆದಿಡಿ.

ಶೀರ್ಷಿಕೆಯ ಬಗ್ಗೆ ಒಂದು ಮಾತು. ಸ್ಟೇಟ್ ಪೆನ್ಷನ್ ಕೊಡುವುದು ನಿಮ್ಮ ಹಳೆಯ ಮಾಲೀಕರಲ್ಲ, ನ್ಯಾಷನಲ್ ಇನ್ಶೂರೆನ್ಸ್ ವಂತಿಗೆಯ ಆಧಾರದಲ್ಲಿ ಸರಕಾರ. ಆದ್ದರಿಂದ ಅದು ‘ಇತರ ಮೂಲಗಳು’ ಎಂಬುದು ನಮ್ಮ ಅಭಿಪ್ರಾಯ. ‘ಸಂಬಳ’ದಲ್ಲಿ ತೋರಿಸಿದರೆ ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ ಎಂಬ ಆಸೆಗೆ ಹಾಗೆ ಮಾಡುವವರಿದ್ದಾರೆ. ಪೋರ್ಟಲ್ ತಡೆಯುವುದಿಲ್ಲ, ಮುಂದೆ ಪ್ರಶ್ನೆ ಬಂದರೆ ಉತ್ತರ ಹೇಳಬೇಕಾದವರು ನೀವೇ. ಕಂಪನಿಯಿಂದ ಬರುವ ಪಿಂಚಣಿ ಮಾತ್ರ ನಿಸ್ಸಂದೇಹವಾಗಿ ‘ಸಂಬಳ’, ಅಲ್ಲಿ 75,000 ನಿಮ್ಮದೇ. ಬ್ರಿಟನ್ನಿನ ಕೌನ್ಸಿಲ್ (ಸ್ಥಳೀಯ ಆಡಳಿತ) ನೌಕರಿಯ ಪಿಂಚಣಿಯದ್ದು ಮತ್ತೊಂದು ಕವಲು: ಅದು ಒಪ್ಪಂದದ 19ನೇ ವಿಧಿಗೆ ಸೇರಿದ್ದು, ತೆರಿಗೆ ಬ್ರಿಟನ್ನಿನಲ್ಲಿ. ಆದರೆ ಪಡೆಯುವವರು ಭಾರತದ ನಿವಾಸಿಯೂ ಭಾರತದ ಪ್ರಜೆಯೂ ಆಗಿದ್ದರೆ ಭಾರತದಲ್ಲಿ. ಗಂಡನ ಹತ್ತಿರ ಬ್ರಿಟಿಷ್ ಪಾಸ್‌ಪೋರ್ಟ್ ಮತ್ತು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್, ಹೆಂಡತಿಯ ಹತ್ತಿರ ಭಾರತದ ಪಾಸ್‌ಪೋರ್ಟ್ ಇರುವ ಮನೆಯಲ್ಲಿ ಒಂದೇ ತರದ ಎರಡು ಪಿಂಚಣಿಗೆ ಎರಡು ದೇಶದ ತೆರಿಗೆ.

ಈಗ ಅಂಕಿ. ದರ 110 ರೂ. ಎಂದು ಉದಾಹರಣೆಗಷ್ಟೇ ಹಿಡಿಯೋಣ. 7,800 ಪೌಂಡ್ ಅಂದರೆ 8,58,000 ರೂ. 2025-26ರ ಹೊಸ ಪದ್ಧತಿಯಲ್ಲಿ 4 ಲಕ್ಷದ ತನಕ ಸೊನ್ನೆ, 8ರ ತನಕ ಶೇ. 5, 12ರ ತನಕ ಶೇ. 10, 16ರ ತನಕ ಶೇ. 15. ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ 87ಎ ರಿಬೇಟ್‌ನಿಂದ ಪೂರ್ತಿ ಮಾಫಿ. ತೆರಿಗೆ ಇಲ್ಲದಿದ್ದರೂ 4 ಲಕ್ಷ ದಾಟಿದ್ದಕ್ಕೆ ರಿಟರ್ನ್ ಕಡ್ಡಾಯ. ಇವರಿಗೇ ಎಫ್‌ಡಿ ಬಡ್ಡಿ 3,50,000 ರೂ. ಇದ್ದರೆ ಒಟ್ಟು 12,08,000. ಸ್ಲ್ಯಾಬ್ ಲೆಕ್ಕದಲ್ಲಿ 61,200 ರೂ. ಆಗಬೇಕು, ಆದರೆ 12 ಲಕ್ಷದ ಮೇಲೆ ಹೆಚ್ಚಾದದ್ದು 8,000 ಮಾತ್ರವಾದ್ದರಿಂದ ಮಾರ್ಜಿನಲ್ ರಿಲೀಫ್ ಬಂದು ತೆರಿಗೆ 8,000, ಸೆಸ್ 320, ಒಟ್ಟು 8,320. ಇದನ್ನು ಪೋರ್ಟಲ್ ತಾನೇ ಹಾಕುತ್ತದೆ, ಕ್ಯಾಲ್ಕುಲೇಟರ್ ಮುಟ್ಟಬೇಕಿಲ್ಲ. 60 ದಾಟಿದ, ವ್ಯಾಪಾರದ ಆದಾಯವಿಲ್ಲದ ನಿವಾಸಿಗಳಿಗೆ ಮುಂಗಡ ತೆರಿಗೆಯೂ ಇಲ್ಲ. ರಿಟರ್ನ್ ಹಾಕುವಾಗ ಇ-ಪೇ ಟ್ಯಾಕ್ಸ್‌ನಲ್ಲಿ ಒಮ್ಮೆಲೇ ಕಟ್ಟಿದರೆ ಸಾಕು.

ಶಿರಸಿ-ಸಿದ್ದಾಪುರ-ಯಲ್ಲಾಪುರದವರು ಇಲ್ಲಿಗೆ ಅಡಿಕೆಯನ್ನು ಸೇರಿಸಿಕೊಳ್ಳಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂದು ಬಿಟ್ಟುಬಿಡುವ ಹಾಗಿಲ್ಲ. 5,000 ರೂ. ಮೀರಿದರೆ ಅದು ಉಳಿದ ಆದಾಯದ ತೆರಿಗೆ ದರವನ್ನು ಮೇಲಕ್ಕೆ ತಳ್ಳುತ್ತದೆ. ಮೇಲಿನ 8,58,000ದ ಜತೆ ತೋಟದಿಂದ 4 ಲಕ್ಷ ಉಳಿಯಿತು ಎನ್ನಿ. 12,58,000ಕ್ಕೆ ತೆರಿಗೆ 68,700. ಅದರಲ್ಲಿ ತೋಟದ 4 ಲಕ್ಷಕ್ಕೆ ವಿನಾಯಿತಿ ಮಿತಿ 4 ಲಕ್ಷ ಸೇರಿಸಿ 8 ಲಕ್ಷದ ಮೇಲಿನ ತೆರಿಗೆ 20,000 ಕಳೆದರೆ 48,700. ಕೃಷಿ ಬಿಟ್ಟ ಒಟ್ಟು ಆದಾಯ 12 ಲಕ್ಷದೊಳಗೇ ಇರುವುದರಿಂದ ರಿಬೇಟ್ ಇದನ್ನೂ ನುಂಗಿ ಸೊನ್ನೆಯಾಗುತ್ತದೆ. ಎಫ್‌ಡಿ ಬಡ್ಡಿಯೂ ಸೇರಿ 12 ಲಕ್ಷ ದಾಟಿದವರಿಗೆ ಮಾತ್ರ ತೋಟದ ಭಾರ ಗೊತ್ತಾಗುತ್ತದೆ. ನಿವ್ವಳ ಕೃಷಿ ಆದಾಯ 5 ಲಕ್ಷ ಮೀರಿದರೆ ಜಮೀನಿರುವ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತದ್ದೋ ಗೇಣಿಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಂದೆಲ್ಲ ಕೇಳುತ್ತದೆ. ಪಹಣಿ ಕೈಲಿಟ್ಟುಕೊಂಡು ಕೂರಿ. ಅದರಲ್ಲಿ ಗುಂಟೆ ಇರುತ್ತದೆ, ಪೋರ್ಟಲ್ ಕೇಳುವುದು ಎಕರೆ, 40ರಿಂದ ಭಾಗಿಸುವುದು ನಿಮ್ಮ ಕೆಲಸ.

ಈ ಇಡೀ ಸೇವೆಯಲ್ಲಿ ಅತ್ಯಂತ ಕಳಪೆ ಭಾಗ ಯಾವುದೆಂದರೆ ವಿದೇಶಿ ಶೆಡ್ಯೂಲ್‌ಗಳು. ಎಫ್‌ಎಸ್‌ಐ ಎಂಬುದರಲ್ಲಿ ವಿದೇಶಿ ಆದಾಯವನ್ನು ಬರೆದರೆ ಅದು ಒಟ್ಟು ಆದಾಯಕ್ಕೆ ಸೇರಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಸೇರುವುದಿಲ್ಲ. ಅದು ಬರೀ ವಿವರಣೆಯ ತಖ್ತೆ. ‘ಇತರ ಮೂಲಗಳ’ ಶೆಡ್ಯೂಲ್‌ನಲ್ಲಿ ಪಿಂಚಣಿಯನ್ನು ಮತ್ತೊಮ್ಮೆ ಬರೆಯಬೇಕು. ಸಲ್ಲಿಸುವ ಮೊದಲು ಎರಡೂ ಕಡೆಯ ಅಂಕಿ ಒಂದೇ ಇದೆಯೇ ಎಂದು ಬೆರಳಿಟ್ಟು ನೋಡಿ. ಶೆಡ್ಯೂಲ್ ಎಫ್‌ಎ, ಅಂದರೆ ವಿದೇಶಿ ಆಸ್ತಿಯ ಪಟ್ಟಿ, ಇನ್ನೂ ವಿಚಿತ್ರ. ರಿಟರ್ನ್ ಪೂರ್ತಿ ಏಪ್ರಿಲ್–ಮಾರ್ಚ್ ಲೆಕ್ಕದಲ್ಲಿದ್ದರೆ ಇದೊಂದು ಮಾತ್ರ ಜನವರಿ–ಡಿಸೆಂಬರ್. 2025-26ರ ರಿಟರ್ನ್‌ಗೆ 2025ರ ಡಿಸೆಂಬರ್ 31ಕ್ಕೆ ಮುಗಿದ ವರ್ಷ. ಲಂಡನ್ ಖಾತೆ ತೆರೆದ ದಿನಾಂಕ, ವರ್ಷದಲ್ಲಿ ಅತಿ ಹೆಚ್ಚು ಇದ್ದ ಮೊತ್ತ, ಕೊನೆಯ ದಿನದ ಮೊತ್ತ, ಬಡ್ಡಿ ಎಲ್ಲವನ್ನೂ ರೂಪಾಯಿಯಲ್ಲಿ ಬರೆಯಬೇಕು. ಅತಿ ಹೆಚ್ಚಿನ ಮೊತ್ತಕ್ಕೆ ಅದೇ ದಿನದ ದರ. ಖಾತೆಯಲ್ಲಿ 50 ಪೌಂಡ್ ಇದ್ದರೂ ತೋರಿಸಲೇಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂ. ದಂಡದ ಅವಕಾಶವಿದೆ, ಸ್ಥಿರಾಸ್ತಿ ಬಿಟ್ಟು ಉಳಿದ ಆಸ್ತಿಯ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ 2024ರ ಅಕ್ಟೋಬರ್ 1ರಿಂದ ಆ ದಂಡವಿಲ್ಲ. ವಿದೇಶಿ ಖಾತೆಗಳ ಮಾಹಿತಿ ದೇಶ-ದೇಶಗಳ ನಡುವೆ ತಾನಾಗಿ ಹಂಚಿಕೆಯಾಗುತ್ತಿದೆ, ಇಲಾಖೆಗೆ ಗೊತ್ತಾಗುವುದಿಲ್ಲ ಎಂಬ ಭ್ರಮೆ ಬೇಡ. ಆರ್‌ಎನ್‌ಒಆರ್ ಆಗಿರುವವರಿಗೆ ಮಾತ್ರ ಈ ಪಟ್ಟಿಯಿಂದ ಬಿಡುಗಡೆ. ಇನ್ನು ಐಟಿಆರ್-1 ಸರಳ ಎಂದು ಅದನ್ನು ಆರಿಸಿಕೊಳ್ಳುವವರಿಗೆ: ವಿದೇಶಿ ಆದಾಯ ಅಥವಾ ಖಾತೆ ಇದ್ದವರಿಗೆ ಅದು ಸಲ್ಲುವುದೇ ಇಲ್ಲ.

ಫಾರಂ 67 ವಿದೇಶದಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಕೇಳುವ ಫಾರಂ. ಪೋರ್ಟಲ್‌ನಲ್ಲಿ ಇದು ತಕ್ಕಮಟ್ಟಿಗೆ ಚೆನ್ನಾಗಿದೆ, ಹುಡುಕುವ ಪೆಟ್ಟಿಗೆಯಲ್ಲಿ 67 ಎಂದು ಹೊಡೆದರೆ ಸಿಗುತ್ತದೆ. ಕಾನೂನಿನ ಗಡುವು ಅಸೆಸ್‌ಮೆಂಟ್ ವರ್ಷದ (ಆದಾಯ ಬಂದ ವರ್ಷದ ಮರುವರ್ಷದ) ಕೊನೆ, ಆದರೂ ರಿಟರ್ನ್‌ಗಿಂತ ಮೊದಲೇ ಹಾಕಿ. ಇಲ್ಲವಾದರೆ ಇಲಾಖೆಯ ಕೇಂದ್ರವಾದ ಬೆಂಗಳೂರಿನ ಸಿಪಿಸಿಯಲ್ಲಿ ರಿಟರ್ನ್ ಪರಿಶೀಲನೆಯಾಗುವಾಗ ಕ್ರೆಡಿಟ್ ಸೊನ್ನೆಯಾಗಬಹುದು. ಆದರೆ ಬ್ರಿಟನ್ ಪಿಂಚಣಿದಾರರು ತಪ್ಪಾಗಿ ಓಡಿಬರುವ ಫಾರಂ ಕೂಡ ಇದೇ. ಸ್ಟೇಟ್ ಪೆನ್ಷನ್ ಕಡಿತವಿಲ್ಲದೆ ಬರುತ್ತದೆ, ಆದರೆ ಜತೆಗೆ ಕಂಪನಿ ಪಿಂಚಣಿ ಇದ್ದರೆ ಅದರ ಟ್ಯಾಕ್ಸ್ ಕೋಡ್ (ಎಷ್ಟು ತೆರಿಗೆ ಹಿಡಿಯಬೇಕೆಂದು ಹೇಳುವ ಸಂಕೇತ) ಮೂಲಕ ಎರಡರ ತೆರಿಗೆಯನ್ನೂ ಅಲ್ಲಿ ಹಿಡಿಯುತ್ತಾರೆ. ಒಪ್ಪಂದದ ಪ್ರಕಾರ ಬ್ರಿಟನ್ನಿಗೆ ಆ ಹಕ್ಕೇ ಇಲ್ಲದಿರುವಾಗ, ಅದನ್ನು ಭಾರತ ಏಕೆ ಕ್ರೆಡಿಟ್ ಕೊಡಬೇಕು? ಮರಳಿ ಪಡೆಯಬೇಕಾದ್ದು ಬ್ರಿಟನ್ನಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯಿಂದ, ‘ಡಿಟಿ-ಇಂಡಿವಿಜುವಲ್’ ಫಾರಂ ಮೂಲಕ, ತೆರಿಗೆ ವರ್ಷ ಮುಗಿದು ನಾಲ್ಕು ವರ್ಷದೊಳಗೆ. ಅವರು ಒಪ್ಪಿದರೆ ಕಂಪನಿ ಪಿಂಚಣಿಗೆ ‘ಎನ್‌ಟಿ’ (ತೆರಿಗೆ ಇಲ್ಲ) ಕೋಡ್ ಬಿದ್ದು ಮುಂದಿನ ಕಡಿತ ನಿಲ್ಲುತ್ತದೆ. ಇದಕ್ಕೆ ನೀವು ಭಾರತದ ನಿವಾಸಿ ಎಂಬ ದೃಢೀಕರಣ ಬೇಕು: 10ಎಫ್‌ಎ ಅರ್ಜಿಯನ್ನು ಅಸೆಸಿಂಗ್ ಆಫೀಸರ್‌ಗೆ (ಎಒ, ನಿಮ್ಮ ತೆರಿಗೆ ಅಧಿಕಾರಿ) ಕೊಟ್ಟರೆ 10ಎಫ್‌ಬಿ ಪ್ರಮಾಣಪತ್ರ ಸಿಗುತ್ತದೆ. ಹೊರಗಿದ್ದಾಗ ಅನಿವಾಸಿಯಾಗಿ ರಿಟರ್ನ್ ಹಾಕುತ್ತಿದ್ದವರ ಪ್ಯಾನ್ ಇನ್ನೂ ಅಂತರರಾಷ್ಟ್ರೀಯ ತೆರಿಗೆ ವಿಭಾಗದ ಅಧಿಕಾರಿಯ ಹತ್ತಿರವೇ ಇರಬಹುದು. ಪೋರ್ಟಲ್‌ನ ‘ನೋ ಯುವರ್ ಎಒ’ದಲ್ಲಿ ಮೊದಲು ನೋಡಿ, ಅಲ್ಲಿದ್ದರೆ ಸ್ಥಳೀಯ ಅಧಿಕಾರಿಗೆ ವರ್ಗಾಯಿಸಿಕೊಂಡು ಆಮೇಲೆ ಅರ್ಜಿ ಹಾಕಿ.

ಐಟಿಆರ್-2ರ ಗಡುವು ಜುಲೈ 31. ಉಳಿದ ಊರುಗಳಿಗೆ ಇದು ಒಂದು ದಿನಾಂಕ, ಘಟ್ಟದ ಮೇಲಿನವರಿಗೆ ಆಷಾಢದ ಮಳೆಯ ನಟ್ಟನಡುವೆ. ಮರ ಬಿದ್ದು ಕರೆಂಟು ಹೋಗುತ್ತದೆ, ಟವರ್ ಸತ್ತರೆ ಒಟಿಪಿ ಬರುವುದಿಲ್ಲ, ಬಂದಾಗ ಅದರ ಅವಧಿ ಮುಗಿದಿರುತ್ತದೆ. ಪ್ರತಿ ಶೆಡ್ಯೂಲ್ ಮುಗಿದ ಕೂಡಲೇ ಡ್ರಾಫ್ಟ್ ಉಳಿಸಿಕೊಳ್ಳಿ, ಅಥವಾ ಆಫ್‌ಲೈನ್ ಯುಟಿಲಿಟಿಯಲ್ಲಿ ತುಂಬಿ ನೆಟ್ ಬಂದಾಗ ಏರಿಸಿ. ಜೂನ್ ಕೊನೆಯೊಳಗೆ ಮುಗಿಸುವುದು ಲೇಸು. ಆಧಾರ್‌ಗೆ ಇನ್ನೂ ಹಳೆಯ ಮೊಬೈಲ್ ನಂಬರ್ ಜೋಡಿಸಿದ್ದರೆ ರಿಟರ್ನ್ ಹಾಕಬಹುದು, ಆಧಾರ್ ಒಟಿಪಿಯಿಂದ ದೃಢೀಕರಿಸಲಾಗುವುದಿಲ್ಲ. 30 ದಿನದೊಳಗೆ ಇ-ವೆರಿಫೈ ಆಗದ ರಿಟರ್ನ್ ಹಾಕಿದ್ದೂ ಹಾಕದಂತೆಯೇ. ನೆಟ್‌ಬ್ಯಾಂಕಿಂಗ್ ಮೂಲಕ ಮಾಡಬಹುದು, ಅದೂ ಇಲ್ಲದವರು ಐಟಿಆರ್-ವಿ ಎಂಬ ದೃಢೀಕರಣ ಪತ್ರದ ಪ್ರಿಂಟ್‌ಗೆ ಸಹಿ ಮಾಡಿ ಬೆಂಗಳೂರು 560500ರ ಸಿಪಿಸಿಗೆ ಸ್ಪೀಡ್ ಪೋಸ್ಟ್ ಮಾಡಬೇಕು. ತಡವಾದವರಿಗೆ ಡಿಸೆಂಬರ್ 31ರ ತನಕ ಅವಕಾಶವಿದೆ, 5,000 ರೂ. ಶುಲ್ಕದೊಂದಿಗೆ, ಆದಾಯ 5 ಲಕ್ಷದೊಳಗಿದ್ದರೆ 1,000. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಕಲಂಗಳ ಸಂಖ್ಯೆ ಬದಲಾಗಿವೆ, ಆದರೆ 2026ರ ಮಾರ್ಚ್ ತನಕದ ಆದಾಯಕ್ಕೆ 1961ರ ಕಾಯ್ದೆಯೇ.

ಹಾಗಾದರೆ ಅಂಕ? ಬ್ರಿಟನ್ ಸ್ಟೇಟ್ ಪೆನ್ಷನ್ ಒಂದೇ, ಜತೆಗೆ ಎಫ್‌ಡಿ, ಒಂದು ಲಂಡನ್ ಖಾತೆ ಇರುವವರಿಗೆ ಐದರಲ್ಲಿ ನಾಲ್ಕು. ಮೊದಲ ವರ್ಷ ಎರಡು ಮಧ್ಯಾಹ್ನ ಬೇಕು, ಮುಂದಿನ ವರ್ಷದಿಂದ ಹಳೆಯ ಪ್ರತಿ ನೋಡಿಕೊಂಡು ಒಂದು ಗಂಟೆ. ಸೋಶಿಯಲ್ ಸೆಕ್ಯೂರಿಟಿ ಮತ್ತು 401(ಕೆ) ಎರಡೂ ಇರುವವರಿಗೆ, ಕೌನ್ಸಿಲ್ ಪಿಂಚಣಿ ಇರುವವರಿಗೆ, ಊರಿಗೆ ಬಂದು ಮೊದಲ ಮೂರು ವರ್ಷದವರಿಗೆ ಎರಡು. ಅವರು ಆಡಿಟರ್ ಹತ್ತಿರ ಹೋಗುವುದೇ ಸರಿ. ಹೋದಾಗ ‘ವಿದೇಶಿ ಪಿಂಚಣಿ ಮಾಡುತ್ತೀರಾ?’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಸೋಶಿಯಲ್ ಸೆಕ್ಯೂರಿಟಿಯನ್ನು ಯಾವ ಶೆಡ್ಯೂಲ್‌ನಲ್ಲಿ ತೋರಿಸುತ್ತೀರಿ, ಶೆಡ್ಯೂಲ್ ಎಫ್‌ಎಗೆ ಯಾವ ವರ್ಷದ ಸ್ಟೇಟ್‌ಮೆಂಟ್ ತರಲಿ ಎಂದು ಕೇಳಿ. ‘ಇಐ’, ‘ಕ್ಯಾಲೆಂಡರ್ ವರ್ಷ’ ಎಂದು ತಡವರಿಸದೆ ಹೇಳಿದರೆ ಫೈಲು ಕೊಡಬಹುದು.

80 ದಾಟಿದವರಿಗೆ ಕಾಗದದ ರಿಟರ್ನ್ ನಡೆಯುತ್ತದೆ ಎಂಬ ಮಾತು ಐಟಿಆರ್-1 ಮತ್ತು 4ಕ್ಕಷ್ಟೇ, ಐಟಿಆರ್-2ಕ್ಕಿಲ್ಲ. 84ರ ಅಜ್ಜಿಗೂ ಪೋರ್ಟಲ್ಲೇ ಗತಿ. ಇನ್ನು ಪೋರ್ಟಲ್‌ಗೆ ಸಂಬಂಧವೇ ಇಲ್ಲದ ಒಂದು ಕಾಗದವಿದೆ, ಅದು ತಪ್ಪಿದರೆ ತೆರಿಗೆ ಲೆಕ್ಕ ಹಾಕಲು ಪಿಂಚಣಿಯೇ ಇರುವುದಿಲ್ಲ. ಬ್ರಿಟನ್ನಿನಿಂದ ಅಂಚೆಯಲ್ಲಿ ಬರುವ ಜೀವಂತ ಪ್ರಮಾಣಪತ್ರಕ್ಕೆ ಸಂಬಂಧಿಕರಲ್ಲದ ಸಾಕ್ಷಿಯ ಸಹಿ ಹಾಕಿಸಿ ವಾಪಸ್ ಕಳಿಸಬೇಕು. ಅಮೆರಿಕದಿಂದ ಬರುವುದು 7162 ಸಂಖ್ಯೆಯ ಪ್ರಶ್ನಾವಳಿ. ಅಂಚೆಯಣ್ಣ ಮನೆಗೆ ಬಂದು ಬೆರಳೊತ್ತಿಸಿಕೊಂಡು ಹೋಗುವ ‘ಜೀವನ್ ಪ್ರಮಾಣ್’ ಇವೆರಡಕ್ಕೂ ನಡೆಯುವುದಿಲ್ಲ. ವಿಳಾಸ ಬದಲಾಗಿದ್ದರೆ, ಶಿರಸಿ ಪೇಟೆಯ ಬಾಡಿಗೆ ಮನೆಯಿಂದ ತೋಟದ ಮನೆಗೆ ಹೋಗಿದ್ದರೂ ಸರಿ, ಆಯಾ ಪಿಂಚಣಿ ಕಚೇರಿಗೆ ಪಿನ್‌ಕೋಡ್ ಸಮೇತ ತಿಳಿಸಿಡಿ.